ಇಂಕಾ ದಾರಿಯ ನಾಲ್ಕು ದಿನಕ್ಕೆ ಎಷ್ಟು ದಿನ ಬೇಕು?

ಪ್ರಶ್ನೆ: ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 52. ಮಗಳಿಗೆ 25, ಬೆಂಗಳೂರಿನಲ್ಲಿ ಕೆಲಸ. ಚಿತ್ರದುರ್ಗದ ಕೋಟೆ, ಮುಳ್ಳಯ್ಯನಗಿರಿ, ಕುಮಾರಪರ್ವತಗಳನ್ನು ಇಬ್ಬರೂ ಹತ್ತಿದ್ದೇವೆ. ಮುಂದಿನ ಬೇಸಿಗೆ ರಜೆಯಲ್ಲಿ ಪೆರು ದೇಶದ ಇಂಕಾ ದಾರಿಯಲ್ಲಿ ನಾಲ್ಕು ದಿನ ನಡೆದು ಇಂಕಾ ಜನರ ಹಳೆಯ ಬೆಟ್ಟದೂರಾದ ಮಾಚು ಪಿಚು ತಲುಪಬೇಕೆಂಬುದು ನಮ್ಮ ಆಸೆ. ಮನೆಯಿಂದ ಮನೆಗೆ 12 ದಿನ ಸಾಕೇ? ಏಜೆನ್ಸಿ ಇಲ್ಲದೆ ನಾವೇ ನಡೆಯಬಹುದೇ? ನನಗೆ ಬಿಪಿ ಇದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ಇಬ್ಬರೂ ಸಸ್ಯಾಹಾರಿಗಳು. ಹೇಗೆ ಸಿದ್ಧರಾಗಬೇಕು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. 12 ದಿನ ಸಾಲದು. 16 ದಿನ ಇಟ್ಟುಕೊಳ್ಳಿ. ಹೆಚ್ಚಿನ ಆ ನಾಲ್ಕು ದಿನಗಳು ಸುತ್ತಾಟಕ್ಕಲ್ಲ, ನಿಮ್ಮ ರಕ್ತವೂ ಶ್ವಾಸವೂ ಎತ್ತರಕ್ಕೆ ಒಗ್ಗಿಕೊಳ್ಳುವುದಕ್ಕೆ. ಇಷ್ಟು ದೂರದ ಪ್ರಯಾಣದಲ್ಲಿ ಜನ ಹಣ ಉಳಿಸಲು ಹೋಗಿ ಮೊದಲು ಕಡಿತ ಮಾಡುವುದು ಇವೇ ದಿನಗಳನ್ನು, ಕೊನೆಗೆ ಪರಿತಪಿಸುವುದೂ ಇವುಗಳಿಗಾಗಿಯೇ.

ನಾನು ಈ ದಾರಿಯನ್ನು ಎರಡು ಸಲ ನಡೆದಿದ್ದೇನೆ. ಮೊದಲ ಸಲ ನಮ್ಮ ಪ್ರವಾಸವನ್ನು ಏರ್ಪಡಿಸಿದ್ದ ಸಂಸ್ಥೆಯವರು ಕುಸ್ಕೊ ನಗರದಲ್ಲಿ ಒಂದೇ ರಾತ್ರಿ ಸಾಕು ಎಂದಿದ್ದರು, ನಾವೂ ನಂಬಿದೆವು. ಸಮುದ್ರದ ದಡದ ರಾಜಧಾನಿ ಲಿಮಾದಿಂದ ವಿಮಾನ ಒಂದೂಕಾಲು ಗಂಟೆಯಲ್ಲಿ ನಮ್ಮನ್ನು 3,400 ಮೀಟರ್ ಎತ್ತರದಲ್ಲಿ ಇಳಿಸಿತು. ಸಂಜೆಗೆ ತಲೆ ಸಿಡಿಯತೊಡಗಿತು, ರಾತ್ರಿ ವಾಂತಿಯಾಯಿತು, ಬೆಳಗಿನವರೆಗೆ ನಿದ್ರೆ ಹತ್ತಲಿಲ್ಲ. ನಮ್ಮೊಡನೆ ಬಂದಿದ್ದ, ನನಗಿಂತ ಹದಿನೈದು ವರ್ಷ ಚಿಕ್ಕವರಾದ, ದಿನವೂ ಓಡುವ ಅಭ್ಯಾಸವಿದ್ದ ಗೆಳೆಯರೊಬ್ಬರು ಎರಡನೆಯ ದಿನದ ಏರಿನ ಅರ್ಧದಿಂದ ಹಿಂತಿರುಗಬೇಕಾಯಿತು. ಅವರ ಕಾಲಿನಲ್ಲಿ ಶಕ್ತಿ ಇತ್ತು, ಎತ್ತರಕ್ಕೆ ಹೊಂದಿಕೊಳ್ಳಲು ಬೇಕಾದ ದಿನಗಳು ಮಾತ್ರ ಇರಲಿಲ್ಲ. ಎತ್ತರದ ಕಾಯಿಲೆಗೆ ವಯಸ್ಸಾಗಲಿ ವ್ಯಾಯಾಮವಾಗಲಿ ಅಡ್ಡಗೋಡೆಯಲ್ಲ ಎಂಬುದನ್ನು ನಿಮ್ಮ ಮಗಳಿಗೂ ದಯವಿಟ್ಟು ತಿಳಿಸಿ, ಏಕೆಂದರೆ ಈ ವಿಷಯದಲ್ಲಿ ಎಳೆಯರೇ ಹೆಚ್ಚು ಅಜಾಗರೂಕರಾಗಿರುತ್ತಾರೆ.

ನೀವು ಹತ್ತಿರುವ ಬೆಟ್ಟಗಳ ಜೊತೆ ಹೋಲಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮಾಚು ಪಿಚು 2,430 ಮೀಟರಿನಲ್ಲಿದೆ, ಅಂದರೆ ಇಂಕಾ ದಾರಿ ಕೊನೆಗೆ ಇಳಿದು ಮುಟ್ಟುವ ತಗ್ಗಿನ ಜಾಗವೇ ನಮ್ಮ ರಾಜ್ಯದ ತುತ್ತತುದಿಗಿಂತ 500 ಮೀಟರ್ ಮೇಲಿದೆ. ಎರಡನೆಯ ದಿನ ದಾಟಬೇಕಾದ ವಾರ್ಮಿವಾನ್ಯುಸ್ಕ ಎಂಬ ಕಣಿವೆದಾರಿಯ ಎತ್ತರ 4,215 ಮೀಟರ್. ಅಲ್ಲಿ ಒಂದೊಂದು ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇಕಡಾ 60 ಮಾತ್ರ. ಆದ್ದರಿಂದ ಕುಮಾರಪರ್ವತ ನಿಮ್ಮ ಕಾಲುಗಳ ಬಗ್ಗೆ ಒಳ್ಳೆಯ ಸಾಕ್ಷಿ ಹೇಳುತ್ತದೆ, ಶ್ವಾಸಕೋಶದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈಗ ದಾರಿಯ ಎತ್ತರವನ್ನು ಬೇರೊಂದು ಬಗೆಯಲ್ಲಿ ಓದೋಣ. ಚಾರಣಿಗರು ಹಗಲಿನಲ್ಲಿ ಎಷ್ಟು ಎತ್ತರಕ್ಕೆ ಏರುತ್ತಾರೆ ಎಂಬುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತಾರೆ ಎಂಬುದು ವೈದ್ಯರಿಗೆ ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು ಎಂಬುದು ಅವರ ಸಾಮಾನ್ಯ ಸೂತ್ರ. ಇಂಕಾ ದಾರಿಯ ಮೊದಲ ರಾತ್ರಿ ವಾಯ್ಯಾಬಂಬ ಎಂಬಲ್ಲಿ ಸುಮಾರು 3,000 ಮೀಟರ್, ಎರಡನೆಯ ರಾತ್ರಿ ಪಕಾಯ್‌ಮಾಯು ಎಂಬಲ್ಲಿ ಸುಮಾರು 3,600, ಮೂರನೆಯ ರಾತ್ರಿ ವಿನ್ಯಾಯ್ ವಾಯ್ನದಲ್ಲಿ ಸುಮಾರು 2,650. ಮೂರರಲ್ಲಿ ಅತಿ ಎತ್ತರದ ರಾತ್ರಿಯೂ ಕುಸ್ಕೊ ನಗರಕ್ಕಿಂತ 200 ಮೀಟರ್ ಮಾತ್ರ ಮೇಲೆ. ಎಂದರೆ, ಕುಸ್ಕೊದಲ್ಲಿ ಎರಡು ರಾತ್ರಿ ತಲೆನೋವಿಲ್ಲದೆ ನಿದ್ರಿಸಿ ಎದ್ದವರಿಗೆ ದಾರಿಯ ಅರ್ಧ ಭಯ ಅಲ್ಲಿಯೇ ಕಳೆದಂತೆ. ನಾನು ಹೇಳಿದ 16 ದಿನದ ಯೋಜನೆಯ ಗುಟ್ಟು ಇಷ್ಟೇ.

ಅದರಂತೆ ನಿಮ್ಮ ದಿನಗಳು ಹೀಗೆ ಬೀಳುತ್ತವೆ. ಮೊದಲ ದಿನ ದಾವಣಗೆರೆಯಿಂದ ಬೆಂಗಳೂರು, ಅಲ್ಲಿಂದ ಯುರೋಪಿನ ಯಾವುದಾದರೊಂದು ನಗರದಲ್ಲಿ ವಿಮಾನ ಬದಲಿಸಿ ಲಿಮಾ. ಭಾರತಕ್ಕಿಂತ ಪೆರು ಹತ್ತೂವರೆ ಗಂಟೆ ಹಿಂದಿರುವುದರಿಂದ ಎರಡನೆಯ ದಿನದ ರಾತ್ರಿಯನ್ನು ಲಿಮಾದಲ್ಲಿ ಮಲಗಿಯೇ ಕಳೆಯಬೇಕು. ಮೂರನೆಯ ದಿನ ಕುಸ್ಕೊಗೆ ಹಾರಿ, ವಿಮಾನ ನಿಲ್ದಾಣದಿಂದ ನಗರದೊಳಕ್ಕೆ ಕಾಲಿಡದೆ ನೇರವಾಗಿ ಕಾರಿನಲ್ಲಿ ಉರುಬಂಬ ನದಿಯ ಕಣಿವೆಗೆ ಇಳಿಯಬೇಕು. ಆ ಕಣಿವೆಯ ಉರುಬಂಬ, ಒಲ್ಲಾಂಟಾಯ್‌ಟಾಂಬೊ ಊರುಗಳು 2,800 ಮೀಟರಿನ ಆಸುಪಾಸಿನಲ್ಲಿವೆ, ಕುಸ್ಕೊಗಿಂತ 500 ಮೀಟರಿಗೂ ಹೆಚ್ಚು ತಗ್ಗಿನಲ್ಲಿ. ಅಲ್ಲಿ ಮೂರು ರಾತ್ರಿ ಇರಿ. ಮೊದಲ ದಿನ ಏನನ್ನೂ ನೋಡಬೇಡಿ, ಎರಡನೆಯ ದಿನ ಪೀಸಾಕ್ ಊರಿನ ಮೇಲಿನ ಮೆಟ್ಟಿಲುಹೊಲಗಳು, ಮೂರನೆಯ ದಿನ ಒಲ್ಲಾಂಟಾಯ್‌ಟಾಂಬೊ. ಆರನೆಯ ದಿನ ಕುಸ್ಕೊಗೆ ಏರಿ ಎರಡು ರಾತ್ರಿ ತಂಗಿ. ನಗರದ ತಲೆಯ ಮೇಲಿರುವ ಸಕ್ಸಾಯ್‌ವಾಮನ್ ಕೋಟೆಗೆ ನಿಧಾನವಾಗಿ ನಡೆದರೆ 3,700 ಮೀಟರ್ ಮುಟ್ಟಿ ಬಂದಂತಾಗುತ್ತದೆ. ಎಂಟರಿಂದ ಹನ್ನೊಂದನೆಯ ದಿನದವರೆಗೆ ಚಾರಣ. ಹನ್ನೊಂದರ ರಾತ್ರಿ ಮಾಚು ಪಿಚುವಿನ ಕೆಳಗಿನ ಆಗ್ವಾಸ್ ಕಾಲಿಯೆಂಟೆಸ್ ಊರಿನಲ್ಲಿ, ಹನ್ನೆರಡರಂದು ರೈಲಿನಲ್ಲಿ ಮರಳಿ ಕುಸ್ಕೊಗೆ. ಹದಿಮೂರನೆಯ ದಿನ ಕೈಯಲ್ಲಿ ಉಳಿಸಿಕೊಳ್ಳುವ ದಿನ, ಹದಿನಾಲ್ಕರಂದು ಲಿಮಾ, ಹದಿನಾರಕ್ಕೆ ಮನೆ.

ಹದಿಮೂರನೆಯ ದಿನವನ್ನು ಖಾಲಿ ಇಟ್ಟದ್ದು ಏಕೆ ಎಂದು ನಿಮ್ಮ ಮಗಳು ಕೇಳಬಹುದು. ಆಗ್ವಾಸ್ ಕಾಲಿಯೆಂಟೆಸ್‌ಗೆ ಬೇರೆ ಊರುಗಳಿಂದ ಮೋಟಾರು ರಸ್ತೆಯಿಲ್ಲ, ರೈಲೊಂದೇ ಮುಖ್ಯ ಸಂಪರ್ಕ. 2010ರ ಜನವರಿಯಲ್ಲಿ ಮಳೆ ಮತ್ತು ಭೂಕುಸಿತದಿಂದ ಹಳಿ ಹಾಳಾಗಿ ಸಾವಿರಾರು ಪ್ರವಾಸಿಗರು ಅಲ್ಲಿ ಸಿಕ್ಕಿಬಿದ್ದಿದ್ದರು, 2023ರ ಜನವರಿಯಲ್ಲಿ ರಾಜಕೀಯ ಪ್ರತಿಭಟನೆಗಳ ಕಾರಣ ಮಾಚು ಪಿಚುವನ್ನೇ ಕೆಲಕಾಲ ಮುಚ್ಚಲಾಗಿತ್ತು. ಮೇ ತಿಂಗಳಿನಲ್ಲಿ ಮಳೆಯ ಭಯ ಕಡಿಮೆ. ಆದರೂ ಅಂತಾರಾಷ್ಟ್ರೀಯ ವಿಮಾನದ ಹಿಂದಿನ ದಿನವೇ ಪರ್ವತದಿಂದ ಇಳಿಯುವ ಯೋಜನೆಯನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಕಾಲದ ವಿಷಯದಲ್ಲಿ ನೀವು ಅದೃಷ್ಟವಂತರು. ಅಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಮಳೆಗಾಲ. ಫೆಬ್ರವರಿಯಲ್ಲಿ ದುರಸ್ತಿಗಾಗಿ ಇಂಕಾ ದಾರಿಯನ್ನು ಪ್ರತಿ ವರ್ಷ ಪೂರ್ತಿ ಮುಚ್ಚುತ್ತಾರೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಒಣಹವೆ. ನಮ್ಮ ಬೇಸಿಗೆ ರಜೆಯ ಮೇ ತಿಂಗಳು ಮಳೆ ನಿಂತು, ಬೆಟ್ಟಗಳ ಹಸಿರು ಇನ್ನೂ ಬಾಡದ, ಜೂನ್ ಜುಲೈನ ಜನಸಂದಣಿ ಮತ್ತು ಕೊರೆಯುವ ಚಳಿ ಇನ್ನೂ ಬಾರದ ತಿಂಗಳು. ನನ್ನನ್ನು ಕೇಳಿದರೆ ವರ್ಷದ ಅತ್ಯುತ್ತಮ ತಿಂಗಳು ಅದೇ. ಏಪ್ರಿಲ್ ಬೇಡ, ಮೇ ಎರಡನೆಯ ವಾರಕ್ಕೆ ಇಟ್ಟುಕೊಳ್ಳಿ.

ಏಜೆನ್ಸಿ ಇಲ್ಲದೆ ಹೋಗಬಹುದೇ ಎಂಬುದಕ್ಕೆ ಉತ್ತರ: ಈ ದಾರಿಯಲ್ಲಿ ಸಾಧ್ಯವಿಲ್ಲ. ಈ ಶತಮಾನದ ಆರಂಭದಿಂದ ಸರಕಾರದ ಮಾನ್ಯತೆ ಪಡೆದ ಸಂಸ್ಥೆಯ ಮೂಲಕ, ಪರವಾನಗಿ ಇರುವ ಮಾರ್ಗದರ್ಶಿಯೊಡನೆಯೇ ನಡೆಯಬೇಕೆಂಬ ನಿಯಮವಿದೆ. ದಿನಕ್ಕೆ 500 ಜನರಿಗೆ ಮಾತ್ರ ಪ್ರವೇಶ, ಆ 500ರಲ್ಲಿ ಮಾರ್ಗದರ್ಶಿಗಳು, ಅಡುಗೆಯವರು, ಹೊರೆ ಹೊರುವವರು ಎಲ್ಲರೂ ಸೇರುತ್ತಾರೆ. ಹಾಗಾಗಿ ಚಾರಣಿಗರಿಗೆ ಉಳಿಯುವುದು ಸುಮಾರು 200 ಜಾಗ. ಮೇ ತಿಂಗಳ ಜಾಗಗಳು ತಿಂಗಳುಗಳ ಮೊದಲೇ ಮುಗಿದುಹೋಗುತ್ತವೆ. ಆದ್ದರಿಂದ ಹಿಂದಿನ ವರ್ಷದ ದಸರಾ ಹೊತ್ತಿಗೆ ಸಂಸ್ಥೆಯನ್ನು ಆರಿಸಿ ಮುಂಗಡ ಕೊಟ್ಟು, ಪರವಾನಗಿ ತೆರೆದ ಕೂಡಲೇ ನಿಮ್ಮ ಹೆಸರಿನಲ್ಲಿ ಪಡೆಯುವಂತೆ ಹೇಳಿಟ್ಟಿರಬೇಕು. ವಿಮಾನದ ಟಿಕೆಟನ್ನು ಪರವಾನಗಿಯ ದಿನಾಂಕ ಖಚಿತವಾದ ಮೇಲೆ ಮಾತ್ರ ಕೊಳ್ಳಿ. ಅದನ್ನು ತಿರುವುಮುರುವು ಮಾಡಿ ಕಷ್ಟಕ್ಕೆ ಸಿಕ್ಕವರು ಬಹಳ ಜನ.

ಪರವಾನಗಿ ಪಾಸ್‌ಪೋರ್ಟಿನ ಹೆಸರು ಮತ್ತು ಸಂಖ್ಯೆಯ ಮೇಲೆ ಸಿಗುತ್ತದೆ, ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ನಮ್ಮ ಕಡೆಯ ಹೆಸರುಗಳಲ್ಲಿ ಊರಿನ ಹೆಸರಿನದೊಂದು, ತಂದೆಯ ಹೆಸರಿನದೊಂದು ಇನಿಶಿಯಲ್ ಇರುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಬಿಡಿಸಿ ಬರೆದ ಮೂರನೆಯ ಬಗೆ. ನೀವು ಎಲ್ಲ ಕಡೆಯೂ ಪಾಸ್‌ಪೋರ್ಟಿನಲ್ಲಿರುವುದನ್ನು ಅಕ್ಷರಕ್ಕೆ ಅಕ್ಷರ ಕೊಡಿ. ಅವಧಿ ಮುಗಿಯುವುದರಲ್ಲಿದ್ದರೆ ಪರವಾನಗಿಗೆ ಅರ್ಜಿ ಹಾಕುವ ಮೊದಲೇ ನವೀಕರಿಸಿ. ಆಮೇಲೆ ನವೀಕರಿಸಿದರೆ ಸಂಖ್ಯೆ ಬದಲಾಗಿ ದಾರಿಯ ಆರಂಭದ ಕಾವಲುಕಟ್ಟೆಯಲ್ಲಿ ತೊಂದರೆಯಾಗುತ್ತದೆ. ವೀಸಾಕ್ಕೆ ದೆಹಲಿಯಲ್ಲಿರುವ ಪೆರು ರಾಯಭಾರ ಕಚೇರಿಯ ಆ ಸಮಯದ ನಿಯಮವನ್ನೇ ಅನುಸರಿಸಿ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರಿಗೆ 2017ರಿಂದ ವಿನಾಯಿತಿ ಇದೆ. ನಿಮ್ಮ ಮಗಳಿಗೆ ಕಚೇರಿ ಕೆಲಸದ ನಿಮಿತ್ತ ಅಂಥ ವೀಸಾ ಇದ್ದರೂ ನಿಮಗೆ ಇಲ್ಲದಿರಬಹುದು, ಇಬ್ಬರದನ್ನೂ ಬೇರೆ ಬೇರೆಯಾಗಿ ವಿಚಾರಿಸಿ.

ಬಹಳ ಜನರ ಗಮನಕ್ಕೆ ಬಾರದ ಇನ್ನೊಂದು ಕಾಗದವಿದೆ. ಮಾಚು ಪಿಚುವಿಗೆ ಹೋಗಲು ಹಳದಿ ಜ್ವರದ ಲಸಿಕೆ ಬೇಕಿಲ್ಲ, ಏಕೆಂದರೆ ಆ ರೋಗವಿರುವುದು ಪೆರುವಿನ ತಗ್ಗಿನ ಅಮೆಜಾನ್ ಕಾಡುಗಳಲ್ಲಿ. ಆದರೆ ಭಾರತ ಸರಕಾರದ ಪಟ್ಟಿಯಲ್ಲಿ ಪೆರು ಹಳದಿ ಜ್ವರದ ದೇಶವಾಗಿರುವುದರಿಂದ, ಅಲ್ಲಿಂದ ಹಿಂತಿರುಗುವಾಗ ನಮ್ಮದೇ ವಿಮಾನ ನಿಲ್ದಾಣದಲ್ಲಿ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ, ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ, ಆಮೇಲೆ ಜೀವನಪರ್ಯಂತ ಇರುತ್ತದೆ. ಇದನ್ನು ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ, ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕಾದೀತು. ನಿಮ್ಮ ಬಿಪಿ ಮಾತ್ರೆಯ ಚೀಟಿಯನ್ನೂ ಅಂದು ಜೊತೆಗೆ ಒಯ್ಯಿರಿ.

ಬಿಪಿಯ ವಿಷಯಕ್ಕೆ ಬರುತ್ತೇನೆ. ಹತೋಟಿಯಲ್ಲಿರುವ ರಕ್ತದೊತ್ತಡ ಈ ಪ್ರಯಾಣಕ್ಕೆ ತಾನಾಗಿ ಅಡ್ಡಿಯಲ್ಲ, ಆದರೆ ಎತ್ತರಕ್ಕೆ ಹೋದ ಮೊದಲ ದಿನಗಳಲ್ಲಿ ಒತ್ತಡ ಏರುವುದು ಸಹಜ. ಹೊರಡುವ ಮೂರು ತಿಂಗಳ ಮೊದಲು ನಿಮ್ಮ ವೈದ್ಯರನ್ನು ಕಂಡು, 4,200 ಮೀಟರಿಗೆ ಏರುವ ಮಾತನ್ನು ಸ್ಪಷ್ಟವಾಗಿ ಹೇಳಿ, ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಏರುವ ಹಿಂದಿನ ದಿನದಿಂದ ತೆಗೆದುಕೊಳ್ಳುವ ರೂಢಿ ಇದೆ. ಅದು ಮೂತ್ರವನ್ನು ಹೆಚ್ಚಿಸುತ್ತದೆ, ಬೆರಳ ತುದಿಗಳಲ್ಲಿ ಜುಮುಗುಟ್ಟಿಸುತ್ತದೆ, ಸಲ್ಫಾ ಔಷಧಿ ಒಗ್ಗದವರಿಗೆ ತೊಂದರೆ ಕೊಡಬಹುದು. ಬಿಪಿಗೆ ಕೊಡುವ ಮಾತ್ರೆಗಳಲ್ಲಿಯೂ ಕೆಲವು ಮೂತ್ರ ಹೆಚ್ಚಿಸುವಂಥವೇ ಆಗಿರುವುದರಿಂದ, ಎರಡನ್ನೂ ಒಟ್ಟಿಗೆ ನೋಡಿ ಪ್ರಮಾಣ ಗೊತ್ತುಮಾಡಬೇಕಾದವರು ವೈದ್ಯರೇ. ಗೆಳೆಯರ ಸಲಹೆಯ ಮೇಲೆ ಔಷಧಿ ಅಂಗಡಿಯಿಂದ ಕೊಂಡು ನುಂಗಬೇಡಿ. ಅಲ್ಲಿ ಎಲ್ಲೆಡೆ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಆ ದೇಶದಲ್ಲಿ ಅದು ಕಾನೂನುಬದ್ಧ ಮತ್ತು ಆದರದ ಸಂಕೇತ. ಭಾರತಕ್ಕೆ ಆ ಎಲೆಯನ್ನಾಗಲಿ ಅದರ ಚಹಾ ಪೊಟ್ಟಣವನ್ನಾಗಲಿ ತರುವುದು ಮಾದಕವಸ್ತು ಕಾಯಿದೆಯ ಪ್ರಕಾರ ಅಪರಾಧ, ನೆನಪಿಗೆಂದು ಒಂದನ್ನೂ ಚೀಲದಲ್ಲಿ ಇಡಬೇಡಿ.

ಲಕ್ಷಣಗಳನ್ನು ಇಬ್ಬರೂ ಬಾಯಿಪಾಠ ಮಾಡಿಕೊಳ್ಳಿ. ತಲೆನೋವು, ಹಸಿವಾಗದಿರುವುದು, ವಾಕರಿಕೆ, ನಿದ್ರೆ ಬಾರದಿರುವುದು ಕಾಣಿಸಿದರೆ ಅಲ್ಲಿಯೇ ನಿಲ್ಲಬೇಕು, ಮೇಲೆ ಏರಬಾರದು. ಕುಳಿತಿರುವಾಗಲೂ ಏದುಸಿರು, ಕೆಮ್ಮು, ಕುಡಿದವರಂತೆ ತೂರಾಡುವ ನಡಿಗೆ, ಮಾತಿನಲ್ಲಿ ಗೊಂದಲ ಕಂಡರೆ ಹೊತ್ತು ಗೊತ್ತು ನೋಡದೆ, ರಾತ್ರಿಯಾದರೂ ಸರಿ, ಕೆಳಗೆ ಇಳಿಯಬೇಕು. ಅದಕ್ಕೆ ಇಳಿಯುವುದನ್ನು ಬಿಟ್ಟು ನೆಚ್ಚಬಹುದಾದ ಬೇರೆ ಚಿಕಿತ್ಸೆ ಬೆಟ್ಟದಲ್ಲಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಒಂದು ಅಭ್ಯಾಸವಿದೆ: ತನ್ನಿಂದ ಇತರರಿಗೆ ತೊಂದರೆಯಾದೀತೆಂದು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಈ ದಾರಿಯಲ್ಲಿ ಆ ಮೌನವೇ ಅಪಾಯ. ಪ್ರತಿ ದಿನ ಬೆಳಿಗ್ಗೆ ಮತ್ತು ರಾತ್ರಿ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದೆಂದು ಈಗಲೇ ಮಾತಾಡಿಕೊಳ್ಳಿ. ಪ್ರಯಾಣ ವಿಮೆ ಮಾಡಿಸುವಾಗಲೂ ಎಷ್ಟು ಎತ್ತರದವರೆಗಿನ ಚಾರಣಕ್ಕೆ ರಕ್ಷಣೆ ಇದೆ ಎಂದು ಬರೆಹದಲ್ಲಿ ಕೇಳಿ ಪಡೆಯಿರಿ, ಸಾಮಾನ್ಯ ಪಾಲಿಸಿಗಳಲ್ಲಿ ಅನೇಕವು ಪರ್ವತ ಚಾರಣವನ್ನು ಹೊರಗಿಡುತ್ತವೆ.

ಇನ್ನು ದಾರಿ. ಒಟ್ಟು ಸುಮಾರು 43 ಕಿಲೋಮೀಟರ್. ಕುಸ್ಕೊದಿಂದ ಬರುವ ರೈಲುಹಳಿಯ 82ನೆಯ ಕಿಲೋಮೀಟರ್ ಕಲ್ಲಿನ ಬಳಿ ತೂಗುಸೇತುವೆ ದಾಟಿ ಆರಂಭವಾಗುತ್ತದೆ. ಮೊದಲ ದಿನ ಸುಲಭ. ನದಿಯ ಬದಿಯಲ್ಲಿ ನಡೆಯುತ್ತ, ಪಟಯಾಕ್ಟ ಎಂಬ ಪಾಳುಪಟ್ಟಣವನ್ನು ಮೇಲಿನಿಂದ ಕಾಣುತ್ತೀರಿ. ನದಿಯ ತಿರುವಿಗೆ ತಕ್ಕಂತೆ ಮೆಟ್ಟಿಲುಹೊಲಗಳ ಅಂಚು ಬಾಗಿರುವುದನ್ನು ಅಲ್ಲಿ ನಿಂತು ನೋಡಿ. ಎರಡನೆಯ ದಿನ 1,200 ಮೀಟರಿನಷ್ಟು ಒಂದೇ ಏರು, ವಾರ್ಮಿವಾನ್ಯುಸ್ಕದವರೆಗೆ. ಆ ಹೆಸರಿಗೆ ಕೆಚುವಾ ಭಾಷೆಯಲ್ಲಿ ಸತ್ತ ಹೆಂಗಸು ಎಂದು ಅರ್ಥ, ಕೆಳಗಿನಿಂದ ಕಾಣುವ ಬೆಟ್ಟದ ಅಂಚು ಅಂಗಾತ ಮಲಗಿದ ಹೆಣ್ಣಿನಂತಿರುವುದರಿಂದ ಬಂದದ್ದು. ಹೆಸರು ಕೇಳಿ ಹೆದರಬೇಡಿ. ಹತ್ತು ಹೆಜ್ಜೆಗೆ ಒಂದು ನಿಲುಗಡೆ ಎಂಬ ಗತಿಯಲ್ಲಿ ಏರಿದರೂ ಮಧ್ಯಾಹ್ನದ ಹೊತ್ತಿಗೆ ತಲುಪುತ್ತೀರಿ. ಅಲ್ಲಿ ಮುಂದೆ ಹೋಗುವವರನ್ನು ಹಿಂದಿಕ್ಕುವುದಕ್ಕೆ ಯಾವ ಬಹುಮಾನವೂ ಇಲ್ಲ.

ಮೂರನೆಯ ದಿನವೇ ಈ ಚಾರಣದ ಹೃದಯ. ಮೊದಲು ರುಂಕುರಕಾಯ್ ಎಂಬ ಅರ್ಧವೃತ್ತಾಕಾರದ ಚಿಕ್ಕ ಕಟ್ಟಡ, ಅದರ ಮೇಲೆ 3,950 ಮೀಟರಿನ ಎರಡನೆಯ ಕಣಿವೆದಾರಿ. ಇಳಿದರೆ ಸಯಾಕ್‌ಮಾರ್ಕ, ಮೂರು ಕಡೆ ಪ್ರಪಾತವಿರುವ ಬಂಡೆಯ ಮೂತಿಯ ಮೇಲೆ ಕಟ್ಟಿದ್ದು, ಹತ್ತಲು ಒಂದೇ ಒಂದು ಇಕ್ಕಟ್ಟಾದ ಮೆಟ್ಟಿಲುಸಾಲು. ನಮ್ಮ ದುರ್ಗದ ಬತೇರಿಗಳನ್ನೂ ಓಬವ್ವನ ಕಿಂಡಿಯನ್ನೂ ಕಂಡವರಿಗೆ ಅಲ್ಲಿ ನಿಂತಾಗ ಬೆಟ್ಟದ ಮೈಯನ್ನೇ ಗೋಡೆಯನ್ನಾಗಿ ಮಾಡಿಕೊಳ್ಳುವ ಉಪಾಯ ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ. ಮುಂದೆ ಬಂಡೆಯೊಳಗಿನ ಸುರಂಗ, ಆಮೇಲೆ ಮೋಡಗಳ ಮೇಲಿನ ಊರು ಎಂಬ ಅರ್ಥದ ಫುಯುಪಟಮಾರ್ಕ. ಅಲ್ಲಿ ಸಾಲಾಗಿ ಒಂದರ ಕೆಳಗೊಂದು ಕಟ್ಟಿದ ನೀರಿನ ತೊಟ್ಟಿಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಅಲ್ಲಿಂದ ಸುಮಾರು 1,000 ಮೀಟರಿನ ಕಲ್ಲುಮೆಟ್ಟಿಲ ಇಳಿತ, ಕೊನೆಗೆ ವಿನ್ಯಾಯ್ ವಾಯ್ನ. ಸಂಜೆ ಬೇಗ ತಲುಪಿದರೆ ಡೇರೆಯಲ್ಲಿ ಕೂರದೆ ಅಲ್ಲಿಯ ಪಾಳುಗಳಿಗೆ ಹೋಗಿ. ಬಿಲ್ಲಿನಂತೆ ಬಾಗಿದ ಮೆಟ್ಟಿಲುಹೊಲಗಳು, ಅವುಗಳ ನಡುವೆ ಇಳಿಯುವ ನೀರಿನ ಕಟ್ಟೆಗಳು, ಆ ಹೊತ್ತಿಗೆ ಹೆಚ್ಚು ಜನರಿರುವುದಿಲ್ಲ. ಮಾಚು ಪಿಚುವಿಗಿಂತಲೂ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಆ ಜಾಗ.

ನೀರಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ಪಾಳುಗಳನ್ನು ಓದುವ ಕೀಲಿ ಅದು. ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಗಿನ ಹೊಂಡಗಳಿಗೆ ಇಳಿಯುವುದನ್ನು ಒಳ್ಳೆಯ ಮಳೆಯ ವರ್ಷದಲ್ಲಿ ನೀವು ನೋಡಿರಬಹುದು. ಇಲ್ಲಿ ಮಳೆ ಕಡಿಮೆ, ಆದ್ದರಿಂದ ಕಟ್ಟಿದವರ ಚಿಂತೆ ಹನಿಯನ್ನು ಹಿಡಿದಿಡುವುದಾಗಿತ್ತು. ಅಲ್ಲಿ ಮಳೆ ಹೆಚ್ಚು, ಇಳಿಜಾರು ಕಡಿದು, ಆದ್ದರಿಂದ ಅವರ ಚಿಂತೆ ನೀರು ಗೋಡೆಯನ್ನು ತಳ್ಳದಂತೆ ಹರಿಯಗೊಡುವುದಾಗಿತ್ತು. ಅವರ ಒಂದೊಂದು ಮೆಟ್ಟಿಲುಹೊಲದ ಅಡಿಯಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ಮರಳು, ಎಲ್ಲಕ್ಕೂ ಮೇಲೆ ಮಣ್ಣು ತುಂಬಿದ ಪದರಗಳಿವೆ. ಮಾಚು ಪಿಚುವಿನಲ್ಲಿ ಬೆಟ್ಟದ ಒರತೆಯಿಂದ ಕಾಲುವೆಯಲ್ಲಿ ತಂದ ನೀರು 16 ಕಾರಂಜಿಕಟ್ಟೆಗಳನ್ನು ಒಂದಾದ ಮೇಲೊಂದು ಹಾಯ್ದು ಇಳಿಯುತ್ತದೆ. ಗಾರೆಯಿಲ್ಲದೆ ಕೂಡಿಸಿದ ಗ್ರಾನೈಟ್ ಕಲ್ಲಿನ ಗೋಡೆಗಳು ಭೂಕಂಪದ ನಾಡಿನಲ್ಲಿ 500 ವರ್ಷಕ್ಕೂ ಮೀರಿ ನಿಂತಿರುವುದಕ್ಕೆ, ಕಣ್ಣಿಗೆ ಕಾಣದ ಈ ನೆಲದಡಿಯ ಕೆಲಸವೂ ಕಾರಣ. ಕಬ್ಬಿಣದ ಉಳಿಯಾಗಲಿ, ಚಕ್ರದ ಬಂಡಿಯಾಗಲಿ ಅವರಲ್ಲಿರಲಿಲ್ಲ. ಆದ್ದರಿಂದ ಹೊರಡುವ ಮೊದಲು ಒಂದು ಭಾನುವಾರ ಬೆಳಿಗ್ಗೆ ದುರ್ಗಕ್ಕೆ ಬಂದು, ಏಕನಾಥೇಶ್ವರಿ ಗುಡಿಯ ಕಡೆಯಿಂದ ಹೊಂಡಗಳ ಜಾಡನ್ನೇ ಹಿಡಿದು ಕೆಳಗೆ ಇಳಿಯಿರಿ. ಅಲ್ಲಿ ಕಣ್ಣು ಪಳಗಿದರೆ ಇಲ್ಲಿಂದ ಅಷ್ಟು ದೂರ ಹೋದದ್ದಕ್ಕೆ ಫಲ ಹೆಚ್ಚು.

ಕಾಲದ ನೆನಪಿಗೆ ಇನ್ನೊಂದು ಮಾತು. ಮಾಚು ಪಿಚುವನ್ನು ಕಟ್ಟಿಸಿದವನೆಂದು ವಿದ್ವಾಂಸರು ಹೇಳುವ ಪಾಚಾಕುಟಿ 15ನೆಯ ಶತಮಾನದ ಇಂಕಾ ಅರಸು. ನಮ್ಮಲ್ಲಿ ವಿಜಯನಗರ ಮೆರೆಯುತ್ತಿದ್ದ ಕಾಲ ಅದು. ಪಾಠದಲ್ಲಿ ಹಂಪಿಯನ್ನು ಕಲಿಸಿರುವ ನಿಮಗೆ, ಅದೇ ದಶಕಗಳಲ್ಲಿ ಭೂಮಿಯ ಇನ್ನೊಂದು ಬದಿಯಲ್ಲಿ ಗ್ರಾನೈಟ್ ಬಂಡೆಗಳ ನಡುವೆ ಮತ್ತೊಂದು ಊರು ಏಳುತ್ತಿತ್ತೆಂಬುದು ನಡೆಯುವಾಗ ಒಳ್ಳೆಯ ಸಂಗಾತಿಯಾದೀತು. 1911ರ ಜುಲೈ 24ರಂದು ಅಮೆರಿಕದ ಅನ್ವೇಷಕ ಹೈರಮ್ ಬಿಂಗ್‌ಹ್ಯಾಮ್ ಅಲ್ಲಿಗೆ ಬಂದಾಗ ಸ್ಥಳೀಯ ರೈತ ಕುಟುಂಬಗಳು ಆ ಮೆಟ್ಟಿಲುಹೊಲಗಳಲ್ಲಿ ಬೇಸಾಯ ಮಾಡುತ್ತಿದ್ದವು. ಆದ್ದರಿಂದ ಅದನ್ನು ಅವನು ಕಂಡುಹಿಡಿದ ಎಂದು ನಿಮ್ಮ ಮಕ್ಕಳಿಗೆ ಹೇಳಬೇಡಿ, ಹೊರಜಗತ್ತಿಗೆ ತಿಳಿಸಿದ ಎನ್ನಿ.

ಕಾಲಿನ ತಯಾರಿಗೆ ನಾಲ್ಕು ತಿಂಗಳು ಸಾಕು. ಜನ ಏರುವುದಕ್ಕೆ ಸಿದ್ಧರಾಗುತ್ತಾರೆ, ಮಂಡಿ ಸೋಲುವುದು ಮೂರನೆಯ ದಿನದ ಇಳಿತದಲ್ಲಿ. ವಾರದಲ್ಲಿ ಮೂರು ದಿನ ಒಂದು ಗಂಟೆಯ ಬಿರುಸು ನಡಿಗೆ ಮತ್ತು ಮನೆಯ ಮೆಟ್ಟಿಲು. ವಾರಾಂತ್ಯದಲ್ಲಿ ಶನಿವಾರ ಮತ್ತು ಭಾನುವಾರ ಎರಡೂ ದಿನ ನಡೆಯಬೇಕು, ಏಕೆಂದರೆ ದಣಿದ ಕಾಲಿನಲ್ಲಿ ಮರುದಿನ ಮತ್ತೆ ನಡೆಯುವುದೇ ಬಹುದಿನದ ಚಾರಣದ ನಿಜವಾದ ಪರೀಕ್ಷೆ. ಶನಿವಾರ ದುರ್ಗದ ಬಳಿಯ ಜೋಗಿಮಟ್ಟಿಯ ಏರುರಸ್ತೆ, ಭಾನುವಾರ ಬೆನ್ನಿನ ಮೇಲೆ ಆರು ಕಿಲೋ ಹೊತ್ತು ಕೋಟೆಯನ್ನು ಎರಡು ಸಲ ಹತ್ತಿ ಇಳಿಯುವುದು, ಇದಕ್ಕಿಂತ ಒಳ್ಳೆಯ ಅಭ್ಯಾಸದ ಜಾಗವನ್ನು ದಾವಣಗೆರೆಯವರು ದೂರದಲ್ಲಿ ಹುಡುಕಬೇಕಾಗಿಲ್ಲ. ಬೂಟುಗಳನ್ನು ಈಗಲೇ ಕೊಂಡು ಇದೇ ನಡಿಗೆಗಳಲ್ಲಿ ಪಳಗಿಸಿ. ಸಾಧ್ಯವಾದರೆ ಅದಕ್ಕೂ ಮೊದಲು ಹಿಮಾಲಯದ 3,500 ಮೀಟರ್ ದಾಟುವ ಚಿಕ್ಕ ಚಾರಣವೊಂದಕ್ಕೆ ಹೋಗಿಬನ್ನಿ. ನಿಮ್ಮ ದೇಹ ಎತ್ತರದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹಿಂದಿನ ಅನುಭವದಷ್ಟು ಚೆನ್ನಾಗಿ ಬೇರಾವ ಪರೀಕ್ಷೆಯೂ ತಿಳಿಸುವುದಿಲ್ಲ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗಲು ಬಿಸಿಲು, ಪಕಾಯ್‌ಮಾಯುವಿನ ರಾತ್ರಿ ಮಂಜುಗಟ್ಟುವ ಹತ್ತಿರದ ಚಳಿ, ಆದ್ದರಿಂದ ದಪ್ಪ ಬಟ್ಟೆ ಒಂದಕ್ಕಿಂತ ತೆಳು ಬಟ್ಟೆ ನಾಲ್ಕು ಪದರ, ಶೂನ್ಯಕ್ಕಿಂತ ಕೆಳಗಿನ ಚಳಿ ತಡೆಯುವ ಮಲಗುವ ಚೀಲ, ಮಳೆಯಂಗಿ, ಹಣೆದೀಪ. ಊರುಗೋಲಿನ ತುದಿಗೆ ರಬ್ಬರ್ ಟೋಪಿ ಇರಲೇಬೇಕು, ಲೋಹದ ಮೊನೆ ಹಳೆಯ ಕಲ್ಲನ್ನು ಕೆರೆಯುತ್ತದೆ. ಬಿಸಾಡುವ ಪ್ಲಾಸ್ಟಿಕ್ ಬಾಟಲಿಗೆ ಪ್ರವೇಶವಿಲ್ಲ, ಸ್ಟೀಲ್ ಬಾಟಲಿ ಒಯ್ಯಿರಿ. ಊಟಕ್ಕೆ ಚಿಂತೆ ಬೇಡ. ಸಸ್ಯಾಹಾರವೆಂದರೆ ಮೀನು, ಕೋಳಿ, ಮಾಂಸದ ಸಾರು ಯಾವುದೂ ಇಲ್ಲದ್ದೆಂದು ಸಂಸ್ಥೆಗೆ ಮೊದಲೇ ಬಿಡಿಸಿ ಬರೆಯಿರಿ, ಅಡುಗೆಯವರು ಆಲೂಗಡ್ಡೆ, ಮೆಕ್ಕೆಜೋಳ, ಕ್ವಿನೊವಾ, ಅನ್ನ, ಬೇಳೆಗಳಿಂದ ಚೆನ್ನಾಗಿಯೇ ಬಡಿಸುತ್ತಾರೆ. ಆಲೂಗಡ್ಡೆ ಆ ಪರ್ವತಗಳದ್ದೇ ಬೆಳೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಹೋಗುವ ನಮ್ಮ ಶೇಂಗಾ ಕೂಡ ದಕ್ಷಿಣ ಅಮೆರಿಕದಿಂದಲೇ ಹೊರಟು ಬಂದದ್ದು, ಆದ್ದರಿಂದ ನಾಲ್ಕು ಪೊಟ್ಟಣ ಶೇಂಗಾ ಚಿಕ್ಕಿ ಜೊತೆಗೆ ಒಯ್ದರೆ ಅದು ತವರಿಗೆ ಮರಳಿದಂತೆ. ಹಣ್ಣು, ಸೊಪ್ಪು, ಬಿತ್ತನೆ ಬೀಜ ಒಯ್ಯಬೇಡಿ, ಒಯ್ದ ತಿನಿಸನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಿ.

ಸಂಸ್ಥೆಯನ್ನು ಆರಿಸುವಾಗ ದರವನ್ನಷ್ಟೇ ನೋಡಬೇಡಿ. ನಿಮ್ಮ ಡೇರೆ, ಅಡುಗೆ ಪಾತ್ರೆ, ಅನಿಲದ ಸಿಲಿಂಡರ್ ಎಲ್ಲವನ್ನೂ ಹೊರುವವರು ಆ ಬೆಟ್ಟಗಳ ಹಳ್ಳಿಯ ಕೆಚುವಾ ರೈತರು. ಒಬ್ಬರು 20 ಕಿಲೋಗಿಂತ ಹೆಚ್ಚು ಹೊರಕೂಡದೆಂಬ ಕಾನೂನು 2001ರಲ್ಲಿ ಬಂದಿದೆ, 82ನೆಯ ಕಿಲೋಮೀಟರಿನಲ್ಲಿ ಹೊರೆಯನ್ನು ತೂಗುತ್ತಾರೆ. ಆದರೂ ಅವರಿಗೆ ಮಲಗಲು ಒಣಗಿದ ಡೇರೆ, ಚಳಿಗೆ ಚೀಲ, ಕಾಲಿಗೆ ಬೂಟು ಕೊಡುತ್ತೀರಾ, ಅವರ ಊಟ ಏನು ಎಂದು ಮುಂಗಡ ಕೊಡುವ ಮೊದಲು ಕೇಳಿ. ನೇರ ಉತ್ತರ ಕೊಡದವರನ್ನು ಬಿಟ್ಟುಬಿಡಿ. ನಮ್ಮೂರ ಮಾರುಕಟ್ಟೆಯಲ್ಲಿ ಹಮಾಲರು ಬೆನ್ನು ಬಾಗಿಸಿ ಚೀಲ ಹೊರುವುದನ್ನು ದಿನವೂ ಕಾಣುವ ನಮಗೆ ಆ ಪ್ರಶ್ನೆ ಕೇಳಲು ಸಂಕೋಚವಿರಬಾರದು.

ಪರವಾನಗಿ ಸಿಗದಿದ್ದರೆ ಏನು ಮಾಡಬೇಕೆಂಬುದನ್ನೂ ಈಗಲೇ ನಿರ್ಧರಿಸಿಡಿ. ಸಾಲ್ಕಂಟಾಯ್ ದಾರಿಗೆ ಪರವಾನಗಿಯ ಮಿತಿಯಿಲ್ಲ, ಆದರೆ ಅದರ ಕಣಿವೆದಾರಿ 4,600 ಮೀಟರ್ ಮೀರಿದೆ, ಹಳೆಯ ಕಟ್ಟಡಗಳೂ ದಾರಿಯಲ್ಲಿ ಕಡಿಮೆ. ಚೋಕೆಕಿರಾವ್ ಎಂಬ ಇನ್ನೊಂದು ಇಂಕಾ ಊರಿದೆ, ಆಳವಾದ ಕಮರಿಗೆ ಇಳಿದು ಮತ್ತೆ ಅಷ್ಟೇ ಏರಬೇಕು, ಅದು ನಿಮ್ಮ ಮಗಳು ಮುಂದೊಮ್ಮೆ ಗೆಳತಿಯರೊಡನೆ ಹೋಗಬೇಕಾದ ಜಾಗ. ನಿಮಗೆ ನಾನು ಹೇಳುವುದು 104ನೆಯ ಕಿಲೋಮೀಟರಿನಿಂದ ಆರಂಭವಾಗುವ ಕಿರುದಾರಿಯನ್ನು. ಅದಕ್ಕೂ ಪರವಾನಗಿ ಬೇಕು, ಆದರೆ ಸಿಗುವುದು ಸ್ವಲ್ಪ ಸುಲಭ. ಒಂದೇ ದಿನದ ನಡಿಗೆಯಲ್ಲಿ ವಿನ್ಯಾಯ್ ವಾಯ್ನವನ್ನು ಹಾಯ್ದು ಇಂತಿಪುಂಕು ಎಂಬ ಸೂರ್ಯದ್ವಾರದಿಂದಲೇ ಮಾಚು ಪಿಚುವಿಗೆ ಇಳಿಯುತ್ತದೆ, ಎತ್ತರ 2,800 ಮೀಟರನ್ನು ದಾಟುವುದಿಲ್ಲ. ವೈದ್ಯರು 4,200 ಮೀಟರಿಗೆ ಒಪ್ಪಿಗೆ ಕೊಡದಿದ್ದರೂ ಇದೇ ದಾರಿ ನಿಮ್ಮದು.

ನಾಲ್ಕನೆಯ ದಿನದ ಬೆಳಿಗ್ಗೆ ಮೂರೂವರೆಗೆ ಎಬ್ಬಿಸುತ್ತಾರೆ, ಕಾವಲುಕಟ್ಟೆಯ ಬಾಗಿಲು ಐದೂವರೆಯ ಹೊತ್ತಿಗೆ ತೆರೆಯುತ್ತದೆ, ಆಮೇಲೆ ಎಲ್ಲರೂ ಸೂರ್ಯದ್ವಾರದತ್ತ ಓಡುತ್ತಾರೆ. ನೀವು ಓಡಬೇಡಿ, ಆ ಕಲ್ಲುಗಳು ಇಬ್ಬನಿಗೆ ಜಾರುತ್ತವೆ, ಬೆಳಗಿನ ಮೋಡವೂ ಸಾಮಾನ್ಯವಾಗಿ ಹೊತ್ತೇರಿದ ಮೇಲೆಯೇ ಸರಿಯುತ್ತದೆ. ಚಾರಣದ ಪರವಾನಗಿಯಲ್ಲಿ ಅಂದಿನ ಪ್ರವೇಶ ಸೇರಿದೆ, ಆದರೆ ಅಂದು ನಿಮ್ಮ ಕಾಲುಗಳಲ್ಲಿ ನೋಡುವ ಶಕ್ತಿ ಉಳಿದಿರುವುದಿಲ್ಲ. ಅದಕ್ಕಾಗಿಯೇ ಹನ್ನೆರಡನೆಯ ದಿನಕ್ಕೆ ಬೇರೆ ಟಿಕೆಟ್ ಕೊಂಡಿಡಿ, ಒಳಗಿನ ಯಾವ ಸುತ್ತುದಾರಿಯ ಟಿಕೆಟ್ ಎಂಬುದನ್ನು ಕೊಳ್ಳುವಾಗಲೇ ಆರಿಸಬೇಕು, ಹಿಂದಿನ ಮೊನಚು ಶಿಖರವಾದ ವಾಯ್ನ ಪಿಚುವನ್ನು ಹತ್ತಲು ಪ್ರತ್ಯೇಕ ಟಿಕೆಟ್ ಬೇಕು. ಸ್ನಾನ ಮಾಡಿ, ಚೆನ್ನಾಗಿ ನಿದ್ರಿಸಿ, ಮೊದಲ ಬಸ್ಸಿನಲ್ಲಿ ಮೇಲೆ ಹೋಗಿ, ಆ 16 ಕಾರಂಜಿಕಟ್ಟೆಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಹಿಂಬಾಲಿಸಿ ನೋಡಿ.